ನನ್ನ ಹೆಂಡತಿ ಊಟ ಮಾಡಿದ ಸಿನಿಮಾ

ಪರದೆಯ ಮೇಲೆ ನಮ್ಮವರ ಮುಖ ಬಂದಾಗ ಶಿಳ್ಳೆ ಹೊಡೆಯದೆ ಸುಮ್ಮನೆ ಕೂರುವುದು ಮರ್ಯಾದೆಯೋ ಅವಮಾನವೋ ಎಂಬುದು ನನಗೆ ಐವತ್ತು ದಾಟಿದ ಮೇಲೂ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ, ತೊಂದರೆಯಾದದ್ದೇ ಅದರಿಂದ. ನಾನು ಸಿನಿಮಾ ನೋಡಲು ಕಲಿತದ್ದು ಪರದೆಗೆ ಮೂಗು ತಾಗುವಷ್ಟು ಮುಂದಿನ ಬೆಂಚಿನಲ್ಲಿ. ಅಲ್ಲಿ ಹೀರೋ ಬಂದಾಗ ಕಾಗದದ ಚೂರು ಎರಚಬೇಕು, ಚಿಲ್ಲರೆ ತೂರಬೇಕು, ಕರ್ಪೂರ ಹಚ್ಚುವವರು ಹಚ್ಚಬೇಕು. ಆತ ಮೊದಲ ಮಾತು ಏನಾಡಿದ ಎಂದು ಹೊರಗೆ ಬಂದವರನ್ನು ಕೇಳಿದರೆ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಆ ಗದ್ದಲದಲ್ಲಿ ಕೇಳಿಸಿದ್ದರೆ ತಾನೆ? ಮಾತು ಬೇಕಾದವರು ಎರಡನೇ ವಾರ ಬರುತ್ತಿದ್ದರು.

ನನ್ನದು ಪೀಣ್ಯದಲ್ಲಿ ಗ್ರಿಲ್ಲು, ಗೇಟು ಮಾಡುವ ಶೆಡ್ಡು. ಏಳನೇ ಕ್ಲಾಸು ಮುಗಿಸದೆ ಬಂದು, ಇನ್ನೊಬ್ಬರ ಕೈಕೆಳಗೆ ಕಬ್ಬಿಣ ಉಜ್ಜಿ, ವೆಲ್ಡಿಂಗ್ ಕಲಿತು, ಕೊನೆಗೆ ನನ್ನದೇ ಬೋರ್ಡು ಹಾಕಿಕೊಂಡವನು. ಬರೆಯುವುದು ಎಲ್ಲಿ ಕಲಿತೆ ಎಂದು ಕೇಳಬೇಡಿ. ಕೊಟೇಶನ್ ಬರೆದೂ ಬರೆದೂ ಬಂತು. ಬೀದಿಯಲ್ಲಿ ಹೋಗುವಾಗ ನಾನು ಮನೆಗಳನ್ನು ನೋಡುವುದಿಲ್ಲ, ಗೇಟುಗಳನ್ನು ನೋಡುತ್ತೇನೆ. ನನ್ನ ಕೈಯದಾದರೆ ಒಂದು ಸಲ ತಟ್ಟಿ ಮುಂದೆ ಹೋಗುತ್ತೇನೆ. ಇದಕ್ಕೆ ಜಂಬ ಎನ್ನುವವರು ಎನ್ನಲಿ.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಮೇಘನಾ. ದಾವಣಗೆರೆ ಕಡೆಯವಳು. ವಾರದ ದಿನಗಳಲ್ಲಿ ಯಾವುದೋ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಕ್ಯಾಮೆರಾ. ಅವಳಿಗೆ ನನ್ನ ಹೆಂಡತಿ ಜಯಮ್ಮನನ್ನು ಹಾಕಿಕೊಂಡು ಒಂದು ಚಿಕ್ಕ ಸಿನಿಮಾ ಮಾಡಬೇಕು ಅನ್ನಿಸಿತು. ಕಥೆ ಏನಮ್ಮ ಎಂದೆ. ಮನೆಮಂದಿಗೆಲ್ಲ ಬಡಿಸುವ ಹೆಂಗಸು ಒಂದು ದಿನ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ತಾನೊಬ್ಬಳೇ ಕೂತು ಊಟ ಮಾಡುತ್ತಾಳೆ ಎಂದಳು. ಆಮೇಲೆ? ಆಮೇಲೇನಿಲ್ಲ. ಫೈಟು? ಇಲ್ಲ ಅಂಕಲ್. ಹಾಡು? ಅದೂ ಇಲ್ಲ. ಊಟ ಮಾಡುವುದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ ಎಂದುಕೊಂಡು, ಹಾನಿಯೇನೂ ಇಲ್ಲವಲ್ಲ ಎಂದು ಒಪ್ಪಿದೆ. ಶೂಟಿಂಗ್ ದಿನ ನನ್ನನ್ನು ಶೆಡ್ಡಿಗೆ ಓಡಿಸಿದರು.

ಆ ಸಿನಿಮಾ ವೈಟ್‌ಫೀಲ್ಡಿನ ಒಂದು ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ನಮ್ಮ ಸೀಮೆಗಳಲ್ಲೇ, ದೊಡ್ಡ ನಿರ್ಮಾಪಕರ ಹಂಗಿಲ್ಲದೆ ತಮ್ಮ ಕೈಯಾರೆ ಮಾಡಿಕೊಂಡವರ ಸಿನಿಮಾಗಳು ಮಾತ್ರ ಅಲ್ಲಿಗೆ ಎಂದು ಮೇಘನಾ ತಿಳಿಸಿ ಹೇಳಿದಳು. ನನಗೆ ತಕ್ಷಣ ಅರ್ಥವಾಯಿತು. ಬೆನ್ನಿಗೆ ದೊಡ್ಡ ಫ್ಯಾಕ್ಟರಿ ಇಲ್ಲದ ನಮ್ಮ ಶೆಡ್ಡುಗಳ ಹಾಗೆ. ಅಂದಮೇಲೆ ಅದು ನಮ್ಮವರದೇ ಹಬ್ಬ.

ಜಯಮ್ಮನಿಗೆ ಮಾತ್ರ ಅಂದಿನಿಂದ ನಿದ್ದೆ ಇಲ್ಲ. ಅಷ್ಟು ದೊಡ್ಡ ಪರದೆಯಲ್ಲಿ ತನ್ನ ಬಾಯಿ, ತಾನು ಅಗಿಯುವುದು. ಜನ ನಕ್ಕರೆ ಏನು ಗತಿ ಎಂಬ ಒಂದೇ ಭಯ. ನಕ್ಕರೆ ಎದ್ದು ಹೊರಗೆ ಹೋಗುತ್ತೇನೆ, ಮತ್ತೆ ಆ ಹುಡುಗಿಗೆ ಮುಖ ತೋರಿಸುವುದಿಲ್ಲ ಎಂದು ಎರಡು ಮೂರು ಸಲ ಹೇಳಿದಳು. ನಾನು ಧೈರ್ಯ ಹೇಳಿದೆ. ಹೇಳಿ ಶೆಡ್ಡಿಗೆ ಹೋದವನು ಇನ್ನೊಂದು ವ್ಯವಸ್ಥೆ ಮಾಡಿಬಿಟ್ಟೆ. ಅವಳ ತಮ್ಮ ರಂಗ ನನ್ನ ಹತ್ತಿರವೇ ಕೆಲಸ ಮಾಡುತ್ತಾನೆ. ಮದುವೆಗೆ ಮುಂಚೆ ಅಭಿಮಾನಿ ಸಂಘದಲ್ಲಿ ಪದಾಧಿಕಾರಿಯಾಗಿದ್ದವನು. ಗ್ರೈಂಡಿಂಗ್ ಮೆಷಿನ್ ಓಡುತ್ತಿರುವಾಗಲೂ ಅವನ ಶಿಳ್ಳೆ ರಸ್ತೆಯಾಚೆಗೆ ಕೇಳುತ್ತದೆ.

"ಅಕ್ಕನ್ ಎಂಟ್ರಿನ ಅಂಗೇ ಬಿಡಾದಾ ಭಾವ? ಉಡುಗ್ರುನ್ನೂ ಕರ್ಕಂಡ್ ಬತ್ತೀನಿ, ಪೇಪರ್ರೂ ತತ್ತೀನಿ" ಎಂದ.

ನಾನು ಬೇಡ ಎನ್ನಲಿಲ್ಲ. ಪೀಣ್ಯದವರು ಬಂದಿದ್ದಾರೆ ಎಂದು ವೈಟ್‌ಫೀಲ್ಡಿನವರಿಗೆ ಗೊತ್ತಾಗಲಿ ಎಂದೆ.

ಸಿನಿಮಾ ತೋರಿಸುವ ಭಾನುವಾರ ರಂಗನಿಗಿಂತ ಮೊದಲೇ ನಾವಿಬ್ಬರೂ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕೂತೆವು. ಕೆ.ಆರ್. ಪುರ ದಾಟುವಾಗ ಜಯಮ್ಮ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗದೆ ಹೇಳಿದಳು: "ರೀ, ಅಲ್ಲಿ ನೀವು ಏನೂ ಮಾಡ್ಬೇಡಿ. ಸುಮ್ನೆ ಕೂತ್ಕೊಂಡು ನನ್ನ ನೋಡಿ. ಚೆನ್ನಾಗಿ ಮಾಡಿದೀನಾ ಇಲ್ವಾ ಅಂತ ಹೇಳಿ. ನಂಗೆ ಬೇಕಾಗಿರೋದು ಅಷ್ಟೇ."

ಆಯಿತು ಎಂದೆ. ಎಂದ ಮೇಲೆ ರಂಗನ ನೆನಪಾಯಿತು. ಎದ್ದು ಬಾಗಿಲ ಹತ್ತಿರ ಹೋಗಿ ಫೋನ್ ಮಾಡಿದೆ, ಎತ್ತಲಿಲ್ಲ. ಶಿಳ್ಳೆ ಬೇಡ, ಪೇಪರ್ ಬೇಡ ಎಂದು ಪಿಸುಮಾತಿನಲ್ಲಿ ವಾಟ್ಸಾಪಿಗೆ ಹೇಳಿ ಕಳಿಸಿದೆ. ಒಂದೇ ಟಿಕ್ಕು. ಇಳಿಯುವವರೆಗೂ ಅದು ಎರಡಾಗಲಿಲ್ಲ.

ಚಿತ್ರೋತ್ಸವ ನಡೆಯುತ್ತಿದ್ದದ್ದು ಒಂದು ಕಾಲದ ಗೋಡೌನಿನಲ್ಲಿ. ಈಗ ಅದಕ್ಕೆ ಕಪ್ಪು ಪರದೆ ಕಟ್ಟಿ, ಕುರ್ಚಿ ಹಾಕಿ, ಬಾಗಿಲಲ್ಲಿ ಎಲ್ಲರ ಕೊರಳಿಗೂ ಒಂದೊಂದು ಕಾರ್ಡು ನೇತುಹಾಕುತ್ತಿದ್ದರು. ಒಳಗೆ ಕಾಲಿಟ್ಟವನೇ ನಾನು ತಲೆಯೆತ್ತಿ ಚಾವಣಿಯ ಕಬ್ಬಿಣದ ಬೆಸುಗೆ ನೋಡಲು ನಿಂತೆ. ಜಯಮ್ಮ ಚಿವುಟಿದಳು. ದೀಪ ಆರುವ ಹೊತ್ತಿಗೆ ರಂಗ ಮೂರು ಜನರೊಂದಿಗೆ ನುಗ್ಗಿ, ನಮಗಿಂತ ಮೂರು ಸಾಲು ಹಿಂದೆ ಕೂತ. ನಾನು ಅತ್ತ ಹೋಗೋಣವೆಂದು ಏಳುವಷ್ಟರಲ್ಲಿ, ಫೋನು ಆರಿಸಿ, ನಡುವೆ ಯಾರೂ ಏಳಬೇಡಿ ಎಂದು ಮೈಕಿನಲ್ಲಿ ಹೇಳಿದರು. ಕೂತೆ.

ಮೊದಲನೆಯದು ಕರಾವಳಿ ಕಡೆಯ ಸಿನಿಮಾ. ಒಬ್ಬಾತ ಒಂದು ದೋಣಿಗೆ ಮೊದಲಿನಿಂದ ಕೊನೆಯವರೆಗೆ ಬಣ್ಣ ಬಳಿದ. ಅಷ್ಟೂ ಹೊತ್ತು ಆ ಗೋಡೌನಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಕೆಮ್ಮು ಬಂದವರು ಸೆರಗಿನೊಳಗೆ, ಕರ್ಚೀಫಿನೊಳಗೆ ಕೆಮ್ಮಿದರು. ಮೌನ ಒಳ್ಳೆಯದು ಎಂದು ದೊಡ್ಡವರು ಹೇಳುತ್ತಾರೆ. ಅವರು ಶೆಡ್ಡಿನಲ್ಲಿ ಕೆಲಸ ಮಾಡಿದವರಲ್ಲ. ನಮ್ಮಲ್ಲಿ ಸದ್ದು ನಿಂತಿತೆಂದರೆ ಕರೆಂಟು ಹೋಗಿದೆ, ಇಲ್ಲವೇ ಯಾರಿಗೋ ಪೆಟ್ಟಾಗಿದೆ. ಸದ್ದು ನಿಂತ ಕೂಡಲೇ ನಾನು ತಲೆಗಳನ್ನು ಎಣಿಸುತ್ತೇನೆ. ಆ ಕತ್ತಲಲ್ಲೂ ಕೂತಲ್ಲಿಂದಲೇ ತಿರುಗಿ ತಿರುಗಿ ಹಿಂದಿನ ನಾಲ್ಕು ತಲೆಗಳನ್ನು ನೋಡುತ್ತಲೇ ಇದ್ದೆ. ಈ ಮೌನದೊಳಗೆ ರಂಗನ ಶಿಳ್ಳೆ ಬಿದ್ದರೆ ತಗಡಿನ ಚಾವಣಿ ಹಾರಿಹೋಗುತ್ತದೆ ಎಂದುಕೊಂಡೆ.

ಜಯಮ್ಮನ ಸಿನಿಮಾ ಶುರುವಾಯಿತು. ನಮ್ಮದೇ ಅಡುಗೆಮನೆ, ನಮ್ಮದೇ ನೀಲಿ ಡ್ರಮ್ಮು. ಮೊದಲಿಗೆ ಅವಳ ಕೈ ಮಾತ್ರ, ಯಾರಿಗೋ ಬಡಿಸುತ್ತಿದೆ. ಪಕ್ಕದಲ್ಲಿ ನಿಜವಾದ ಜಯಮ್ಮ ಎರಡು ಕೈಯನ್ನೂ ತೊಡೆಯ ಮೇಲೆ ಗಂಟು ಹಾಕಿಕೊಂಡು ಕೂತಿದ್ದಳು. ನಾನು ಹಿಂದೆ ತಿರುಗಿದೆ. ಪರದೆಯ ಬೆಳಕಿನಲ್ಲಿ ರಂಗನ ಮುಖ ಕಂಡಿತು. ಮುಷ್ಟಿಯಲ್ಲಿ ಕಾಗದದ ಚೂರು. ಬೇಡ ಎಂದು ತಲೆಯಾಡಿಸಿದೆ. ಅವನು 'ಈಗಲೇ ಬೇಡ' ಎಂದು ಅರ್ಥ ಮಾಡಿಕೊಂಡು ವಿಧೇಯನಾಗಿ ತಲೆಯಾಡಿಸಿದ.

ಪರದೆಯಲ್ಲಿ ಒಬ್ಬೊಬ್ಬರೇ ಹೊರಗೆ ಹೋದರು. ಚಿಲಕ ಹಾಕಿದ ಸದ್ದಾಯಿತು. ಇನ್ನು ಮುಖ ಬರುತ್ತದೆ ಎನ್ನುವಾಗ ರಂಗನ ಎರಡು ಬೆರಳು ತುಟಿಯ ಕಡೆ ಎದ್ದವು.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ನಮ್ಮ ಶೆಡ್ಡಿನಲ್ಲಿ ಚೈನಿಗೆ ಸಿಕ್ಕಿಸಿ ಗೇಟು ಎತ್ತುವಾಗ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೆ ಒಂದು ಕಟ್ಟಳೆ ಮಾಡಿದ್ದೇನೆ. ನಾನು ಮುಷ್ಟಿ ಕಟ್ಟಿ ಕೈಯೆತ್ತಿದರೆ ಯಾರು ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು, ಯಾಕೆ ಎಂದು ಕೇಳುವ ಹಾಗಿಲ್ಲ. ನಾನು ಎದ್ದು ನಿಂತು, ಹಿಂದೆ ತಿರುಗಿ, ಮುಷ್ಟಿ ಎತ್ತಿದೆ.

ರಂಗನ ಬೆರಳು ತುಟಿಯಲ್ಲೇ ನಿಂತವು. ಒಳ್ಳೆಯ ಕೆಲಸಗಾರ. ಆದರೆ ಅಲ್ಲಿ ಸಿನಿಮಾ ಬಿಡುವ ಮೆಷಿನ್ನನ್ನು ಹಿಂದುಗಡೆ ಒಂದು ಮೇಜಿನ ಮೇಲೆ ಇಟ್ಟಿದ್ದಾರೆ, ಅದರ ಬೆಳಕು ನಮ್ಮ ತಲೆಗೆ ಒಂದಿಷ್ಟು ಮೇಲೆ ಹಾದುಹೋಗುತ್ತಿದೆ ಎಂಬುದು ನನ್ನ ಲಕ್ಷ್ಯದಲ್ಲೇ ಇರಲಿಲ್ಲ. ಯಾರೋ "ಸಾರ್, ಕೈ ಇಳಿಸಿ ಸಾರ್" ಎಂದಾಗ ಪರದೆಯ ಕಡೆ ನೋಡಿದೆ. ಜಯಮ್ಮನ ತಟ್ಟೆಯಿದ್ದ ಕಡೆ ಮೊರದಷ್ಟು ಅಗಲದ ನನ್ನ ಮುಷ್ಟಿಯ ನೆರಳು. ನಾಲ್ಕಾರು ಜನ ನಕ್ಕೇಬಿಟ್ಟರು. ಅವಳು ಯಾವ ನಗುವಿಗೆ ಹೆದರಿದ್ದಳೋ ಆ ನಗುವನ್ನು ನಾನೇ ತರಿಸಿದ್ದೆ.

ಕೂತೆ. ಜಯಮ್ಮ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ಕಾದೆ. ಏಳಲಿಲ್ಲ. ಅತ್ತ ರಂಗನ ಕೈಯನ್ನು ನಂಬುವ ಹಾಗಿಲ್ಲ. ಕುರ್ಚಿಯ ಬೆನ್ನ ಮೇಲೆ ಮೊಣಕೈಯೂರಿ, ಸಿನಿಮಾ ಮುಗಿಯುವವರೆಗೂ ಅವನನ್ನು ಕಣ್ಣಲ್ಲೇ ಹಿಡಿದು ಕೂತೆ. ಚಪ್ಪಾಳೆ ಬಂತು. ನಿಲ್ಲದೆ ಬಂತು. ಮೇಘನಾ ಮತ್ತು ಜಯಮ್ಮನನ್ನು ಮುಂದೆ ಕರೆದರು. ಕನ್ನಡಕದ ಒಬ್ಬಾಕೆ, ನೋಡುತ್ತ ನೋಡುತ್ತ ನನಗೂ ಹಸಿವಾಯಿತು ಎಂದರು. ಹಾಗಾದರೆ ಮನೆಗೆ ಬನ್ನಿ ಎಂದು ಜಯಮ್ಮ ಮೈಕಿನಲ್ಲೇ ಕರೆದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಭಾರದ ಗೇಟೊಂದನ್ನು ಯಾರಿಗೂ ತಾಗಿಸದೆ ಇಳಿಸಿ ನಿಲ್ಲಿಸಿದವನ ಹಾಗೆ ನಾನು ಬೆವರೊರೆಸಿಕೊಂಡೆ.

ವಾಪಸು ಬರುವಾಗ ಮೆಟ್ರೊದಲ್ಲಿ ಅವಳೇ ಕೇಳಿದಳು, ಹೇಗಿತ್ತು ಎಂದು. ಸಕ್ಕತ್ತಾಗಿತ್ತು ಎಂದೆ.

"ಏನು ತಿಂದೆ ನಾನು?"

ನಮ್ಮ ಮನೆಯ ಊಟ ನನಗೆ ತಿಳಿಯದೆ? ಮುದ್ದೆ ಎಂದೆ.

"ಅನ್ನ ಕಣ್ರೀ."

ರಂಗ ಶಿಳ್ಳೆ ಹೊಡೆಯುವವನಿದ್ದ, ಅದನ್ನು ತಡೆಯುವುದರಲ್ಲಿ ನನಗೆ ಎಷ್ಟು ಕಷ್ಟವಾಯಿತು ಎಂದು ವಿವರಿಸಲು ಹೊರಟೆ. ಅವಳು ಕಿಟಕಿಯ ಕಡೆ ತಿರುಗಿದಳು. "ಹೊಡೆದಿದ್ರೆ ಹೊಡೀತಿದ್ದ ಬಿಡಿ. ಅವನು ನನ್ನ ನೋಡ್ದ. ನೀವು ಅವನನ್ನ ನೋಡ್ತಾ ಕೂತಿದ್ರಿ."

ಮರುದಿನ ಶೆಡ್ಡಿನಲ್ಲಿ ರಂಗ ಬರದಿದ್ದವರಿಗೆಲ್ಲ ಸಿನಿಮಾವನ್ನು ಅಭಿನಯಿಸಿ ತೋರಿಸುತ್ತಿದ್ದ. ನಾನು ಬಂದ ಕೂಡಲೇ ನಿಲ್ಲಿಸಿದ. ಮುಂದುವರಿಸು ಎನ್ನಲಾಗದೆ ನಾನು ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಅವನೇ ಹತ್ತಿರ ಬಂದ. "ನೀವ್ ಕೈ ಎತ್ತುದ್ರೂ ಎತ್ತದಿದ್ರೂ ನಾನ್ ಒಡೀತಿರ್ಲಿಲ್ಲ ಭಾವ. ಅಕ್ಕನ್ ಮಕ ಬಂತಲ್ಲ, ಬಾಯೇ ಒಣಗೋಯ್ತು."

ಒಂದು ವಿಷಯ ಹೇಳುತ್ತೇನೆ. ವೆಲ್ಡಿಂಗ್ ಮಾಡುವವನು ಕಪ್ಪು ಗಾಜನ್ನು ಮುಖಕ್ಕೆ ಹಿಡಿದ ಮೇಲೆ ಅವನಿಗೆ ಬೆಸುಗೆಯ ಜಾಗ ಬಿಟ್ಟು ಬೇರೇನೂ ಕಾಣುವುದಿಲ್ಲ, ಕಾಣಲೂಬಾರದು. ಪಕ್ಕದಲ್ಲಿ ಯಾರು ಬಂದರು, ಯಾರು ಕರೆದರು ಎಂದು ತಿರುಗಿದರೆ ಬೆಸುಗೆ ಕೆಟ್ಟಿತು. ಇಷ್ಟು ವರ್ಷ ಹಾಗೆ ನೋಡಿ ಅನ್ನ ತಿಂದವನು, ಕತ್ತಲ ನಡುವೆ ಒಂದೇ ಒಂದು ಬೆಳಕಿದ್ದ ಕಡೆ ಬೆನ್ನು ತಿರುಗಿಸಿ ಕೂತಿದ್ದೆ. ಫೋನಿನಲ್ಲೇ ತೋರಿಸಮ್ಮ ಎಂದು ಮೇಘನಾಳನ್ನು ಕೇಳಬಹುದಿತ್ತು. ಅಂಗೈಯಷ್ಟು ಮಾಡಿ ನೋಡುವುದಕ್ಕೆ ಮನಸ್ಸಾಗಲಿಲ್ಲ. ಚಿತ್ರೋತ್ಸವದ ಕೊನೆಯ ದಿನ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾಲೇಜಿನಲ್ಲಿ ಅವೇ ಸಿನಿಮಾಗಳನ್ನು ಇನ್ನೊಮ್ಮೆ ತೋರಿಸುತ್ತಾರೆ ಎಂದು ತಿಳಿಯಿತು. ಕೆಲಸದ ದಿನ ಶೆಡ್ಡನ್ನು ರಂಗನ ಕೈಗೆ ಬಿಟ್ಟು, ಯಾರಿಗೂ ಹೇಳದೆ ಊರಿನ ಆ ತುದಿಗೆ ಹೋದೆ. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತೆ.

ಪರದೆಯಲ್ಲಿ ಜಯಮ್ಮ ಚಿಲಕ ಹಾಕಿದಳು. ಒಲೆಯ ಪಕ್ಕದ ತನ್ನ ಮಣೆಯ ಮೇಲೆ ಕೂರಲಿಲ್ಲ. ನಾನು ಕೂರುವ ಕುರ್ಚಿಯಲ್ಲಿ ಕೂತಳು, ಒಂದು ಕಾಲು ಮಡಿಸಿಕೊಂಡು. ಅನ್ನಕ್ಕೆ ಸಾರು ಹಾಕಿ ನಿಧಾನವಾಗಿ ಕಲಸಿದಳು. ಯಾರೂ ಕರೆಯುವುದಿಲ್ಲ ಎಂಬುದು ಅವಳ ಭುಜಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಭುಜ ಇಳಿಯಿತು. ತಟ್ಟೆಯ ಅಂಚಿನಲ್ಲಿ ಒಂದು ಮಜ್ಜಿಗೆ ಮೆಣಸಿನಕಾಯಿ ಎತ್ತಿಟ್ಟಿದ್ದಳು. ಮೊಸರನ್ನದ ಕೊನೆಯ ತುತ್ತಿನೊಂದಿಗೆ ಅದನ್ನು ಕಡಿದು, ಕಣ್ಣು ಮುಚ್ಚಿದಳು. ಹಿಂದಿನಿಂದ ಕಾಲೇಜು ಹುಡುಗರಲ್ಲಿ ಯಾರೋ ಸಣ್ಣಗೆ ಶಿಳ್ಳೆ ಹೊಡೆದರು. ನಾನು ತಿರುಗಲಿಲ್ಲ. ಮದುವೆಯಾದಾಗಿನಿಂದ ಅವಳ ಕೈಯಡುಗೆ ಉಣ್ಣುತ್ತಿರುವ ನಾನು ಅವಳು ಉಣ್ಣುವುದನ್ನು ನೋಡಿದ್ದು ಅದೇ ಮೊದಲು. ನಾನು ಎದ್ದ ಮೇಲೆ ಅವಳು ಕೂರುತ್ತಾಳೆ. ನಾನು ಎದ್ದವನು ಶೆಡ್ಡಿಗೆ ಹೋಗಿರುತ್ತೇನೆ.

ಮನೆಗೆ ಬಂದು, ಪಾಠ ಒಪ್ಪಿಸುವವನಂತೆ ಎಲ್ಲವನ್ನೂ ಹೇಳಿದೆ. ಅನ್ನ, ಸಾರು, ಮಡಿಸಿದ ಕಾಲು. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು. ಕೊನೆಯಲ್ಲಿ ನನ್ನ ದನಿ ನನಗರಿಯದೆ ಮೆತ್ತಗಾಯಿತು. "ಮಜ್ಜಿಗೆ ಮೆಣಸಿನಕಾಯಿ ಅಂದ್ರೆ ನಿಂಗೆ ಅಷ್ಟು ಇಷ್ಟ ಅಂತ ಇಷ್ಟ್ ವರ್ಷ ನಂಗೆ ಗೊತ್ತೇ ಇರ್ಲಿಲ್ಲ ಕಣೇ ಜಯಾ."

"ನಂಗೆಲ್ಲಿ ಇಷ್ಟ? ಬಾಯಿಗಿಟ್ರೆ ಕೆಮ್ಮು ಬರತ್ತೆ."

"ಮತ್ತೆ ಕಣ್ಣು ಮುಚ್ಕೊಂಡೆ?"

"ಆಕ್ಟಿಂಗ್ ಕಣ್ರೀ." ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ನೀವೂ ನಂಬಿದ್ರಾ?"

ನಂಬಿದೆ ಎಂದೆ. ಅವಳ ಮುಖದಲ್ಲಿ ಮೂಡಿದ ಸಂತೋಷವನ್ನು ಯಾವ ಚಪ್ಪಾಳೆಗೂ ನಾನು ಕಂಡಿರಲಿಲ್ಲ. "ಹಂಗಾದ್ರೆ ಚೆನ್ನಾಗೇ ಮಾಡಿದೀನಿ" ಎಂದು ತನಗೆ ತಾನೇ ಹೇಳಿಕೊಂಡಳು.

ಹಾಗಾದರೆ ಅವಳಿಗೆ ನಿಜವಾಗಿ ಇಷ್ಟವಾದದ್ದು ಯಾವುದು? ಕೇಳಿದರೆ, ಎಲ್ಲಾ ಇಷ್ಟವೇ ಎನ್ನುತ್ತಾಳೆ. ಅದಕ್ಕೆ ಈಗೀಗ ಮಧ್ಯಾಹ್ನ ಊಟವಾದ ಮೇಲೆ ನಾನು ತಕ್ಷಣ ಹೊರಡುವುದಿಲ್ಲ. ಅವಳು ಬಡಿಸಿಕೊಂಡು ಕೂತಾಗ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅವಳು ತಟ್ಟೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಟಿಕೆಟ್ ಎಲ್ಲಿ, ತೋರಿಸಿ ಎನ್ನುತ್ತಾಳೆ.