ಟೈಲರಕ್ಕ ಮತ್ತು ಕೊರಿಯಾದ ನಾಯಿ

ಟೈಲರಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಯಾವತ್ತೋ ಮೆಷಿನ್ನಿನ ಸೂಜಿ ಹೊಕ್ಕು ಹೊರಬಂದದ್ದರ ಗುರುತು. ಅದೇ ಬೆರಳಿನಿಂದ ಅವರು ನಾಯಿಯ ದಟ್ಟ ಬಿಳಿ ಕೂದಲನ್ನು ಬಿಡಿಸಿ, ಬುಡದಲ್ಲಿ ಕಚ್ಚಿಕೊಂಡ ಉಣುಗುಗಳನ್ನು ಹುಡುಕಿ ತೆಗೆಯುತ್ತಿದ್ದರು. ಕಮ್ಮರಡಿ ಬಸ್‌ಸ್ಟ್ಯಾಂಡಿನ ಎದುರು ಅವರ ಹೊಲಿಗೆ ಅಂಗಡಿ, ಪಕ್ಕದ್ದೇ ನನ್ನ ಝೆರಾಕ್ಸ್ ಅಂಗಡಿ. ನಡುವೆ ಬರೀ ಹಲಗೆ ಗೋಡೆ. ಮೆಷಿನ್ನಿನ ಸದ್ದು ನಿಂತರೆ ನಾಯಿಯ ಸರದಿ ಬಂತೆಂದು ನನಗೆ ತಿಳಿಯುತ್ತಿತ್ತು.

ನಾಯಿ ಮೊದಲು ಅವರದಲ್ಲ. ಕೊಪ್ಪದ ದಾರಿಯ ಎಸ್ಟೇಟ್ ಬಂಗಲೆಯೊಂದರಲ್ಲಿ ಕೊರಿಯಾದ ದಂಪತಿ ಬಾಡಿಗೆಗಿದ್ದರು. ಆ ಹೆಂಗಸು ಪರದೆ ಹೊಲಿಸಲು ಬಂದು ಅಕ್ಕನ ಗೆಳತಿಯಾಗಿಬಿಟ್ಟಿದ್ದಳು. ಗಂಡನಿಗೆ ದೊಡ್ಡ ಕಾಯಿಲೆ ಕಾಣಿಸಿಕೊಂಡು ಅವರು ಅವಸರದಲ್ಲಿ ತಮ್ಮ ದೇಶಕ್ಕೆ ಹೊರಟಾಗ ನಾಯಿ ಉಣುಗಿನ ಜ್ವರದಿಂದ ಮಲಗಿತ್ತು. ವಿಮಾನ ಹತ್ತಿಸುವಂತಿರಲಿಲ್ಲ. ಬಂದು ಕರೆದೊಯ್ಯುತ್ತೇವೆಂದು ಅಕ್ಕನ ಕೈಗೆ ಹಗ್ಗ ಕೊಟ್ಟು ಹೋದರು. ಮತ್ತೆ ಬರಲಾಗಲಿಲ್ಲ. ಅದು ಜಿಂದೋ ಎಂಬ ಬೇಟೆ ತಳಿ. ಹೆಸರು ನೂನಿ. ಅವರ ಭಾಷೆಯಲ್ಲಿ ಹಿಮ ಎಂದಂತೆ. ಚೂಪು ಕಿವಿ, ಬೆನ್ನ ಮೇಲೆ ಸುರುಳಿ ಬಾಲ. ಹೊರಡುವ ಮುನ್ನ ಆ ಹೆಂಗಸು ಅರೆಬರೆ ಕನ್ನಡದಲ್ಲಿ, "ಇದು ಒಬ್ಬರಿಗೇ ಮನಸ್ಸು ಕೊಡೋದು" ಎಂದು ಅತ್ತಿದ್ದಳು.

ಆ ಮಾತಿನ ಅರ್ಥ ಆಮೇಲೆ ತಿಳಿಯಿತು. ಜ್ವರ ಬಿಟ್ಟು ಕಾಲಿಗೆ ಬಲ ಬಂದದ್ದೇ ತಡ, ನೂನಿ ಅಕ್ಕನ ಹಿತ್ತಲಿನ ಆಳೆತ್ತರದ ಕಾಂಪೌಂಡನ್ನು ಬೆಕ್ಕಿನಂತೆ ಹಾರಿ ಮಾಯವಾಯಿತು. ಸಿಕ್ಕಿದ್ದು ಬೀಗ ಹಾಕಿದ ಬಂಗಲೆಯ ಗೇಟಿನ ಮುಂದೆ. ಎಳೆದು ತಂದರೆ ಮತ್ತೆ ಹೋಯಿತು. ಅನ್ನ ಮುಟ್ಟಲಿಲ್ಲ, ಹಾಲು ಮೂಸಲಿಲ್ಲ. ಪಕ್ಕೆಲುಬು ಎದ್ದು ಕಾಣತೊಡಗಿತು.

ಅಕ್ಕ ಅಂಗಡಿಗೆ ಬಾಗಿಲು ಹಾಕಿದರು. ಬೆಳಗಿನ ಬಸ್ಸಿಗೆ ಹೊಲಿಗೆಯ ಚೀಲ ಹಿಡಿದು ಹೋಗಿ, ಗೇಟಿನ ಬಳಿ ನಾಯಿಯಿಂದ ಸ್ವಲ್ಪ ದೂರದಲ್ಲಿ ಕೂತು ರವಿಕೆಗಳಿಗೆ ಹುಕ್ಸ್ ಹಚ್ಚುತ್ತಿದ್ದರು. ಒಮ್ಮೆ ನಾನೂ ಹೋದೆ. ನೂನಿಯನ್ನು ಕರೆಯಲು ಬಾಯಿ ತೆರೆದೆ.

"ಸುಮ್ನಿರು ಮಾರಾಯ, ಕರೀಬೇಡ" ಎಂದರು. "ಅದು ಕಾಯ್ತಾ ಇರೋದು ನಮ್ಮನ್ನಲ್ಲ. ನಾವು ಕರೆದ್ರೆ ಅದಕ್ಕೆ ಇನ್ನೂ ಬೇಜಾರು."

"ಮತ್ತೆ ನೀವು ಬಂದು ಎಂತ ಮಾಡ್ತೀರಿ ಅಕ್ಕ?"

"ಎಂತ ಇಲ್ಲ. ಅದು ಒಂದೇ ಕಾಯೋದು ಬೇಡ ಅಂತ."

ಮಳೆಗೆ ಕೊಡೆ ಬಿಚ್ಚಿದರು. ರಕ್ತ ಹೀರುವ ಇಂಬಳ ಕಾಲಿಗೆ ಹತ್ತಿದರೆ ಕಿತ್ತೆಸೆದು ಹೊಲಿಗೆ ಮುಂದುವರಿಸಿದರು. ಗಿರಾಕಿಗಳು ಬೈದುಕೊಂಡು ಕೊಪ್ಪದ ಟೈಲರುಗಳ ಹತ್ತಿರ ಹೋದರು. ಒಂದು ಮಧ್ಯಾಹ್ನ ಅವರು ಚೀಲ ಎತ್ತಿಕೊಂಡು ಹೊರಟಾಗ ನೂನಿ ಎದ್ದು ಮೈ ಕೊಡವಿ ಹಿಂದೆ ಬಂತು. ಕಂಡಕ್ಟರ್ ನಾಯಿಯನ್ನು ಹತ್ತಿಸಲಿಲ್ಲ. ಇಬ್ಬರೂ ನಡೆದೇ ಬಂದರು. ಕತ್ತಲಾಗುವ ಹೊತ್ತಿಗೆ ಬಸ್‌ಸ್ಟ್ಯಾಂಡ್ ತಲುಪಿದಾಗ ಅಂಗಡಿಯವರೆಲ್ಲ ಹೊರಗೆ ಬಂದು ನಿಂತು ನೋಡಿದೆವು.

ಆಮೇಲೆ ನೂನಿಗೆ ಲೋಕದಲ್ಲಿ ಉಳಿದದ್ದು ಅವರೊಬ್ಬರೇ. ಬೇರೆಯವರು ಬಿಸ್ಕತ್ತು ಹಿಡಿದರೆ ಮುಖ ತಿರುಗಿಸುತ್ತಿತ್ತು. ಸುಮ್ಮನೆ ಬೊಗಳಿದ್ದು ಕೇಳಿದವರಿಲ್ಲ. ಕೆಸರಾದರೆ ಬೆಕ್ಕಿನಂತೆ ತನ್ನ ಕಾಲನ್ನು ತಾನೇ ನೆಕ್ಕಿಕೊಳ್ಳುತ್ತಿತ್ತು. ಅಕ್ಕ ಸ್ನಾನ ಮಾಡಿಸುತ್ತಿದ್ದುದೇ ಅಪರೂಪ. ಆದರೆ ನಮ್ಮ ಮಳೆಗಾಲಕ್ಕೆ ಆ ಎರಡು ಪದರದ ಕೂದಲು ಹೇಳಿದ್ದಲ್ಲ. ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ನೀರು ನಿಂತು ಚರ್ಮ ಕೊಳೆಯುತ್ತದೆ. ಅವರು ಹಳೇ ಪಂಚೆಯಿಂದ ಒರೆಸಿ, ಒಲೆಯ ಹತ್ತಿರ ಕೂರಿಸಿ, ಬಾಚುತ್ತ ಒಣಗಿಸುತ್ತಿದ್ದರು. ಕೂದಲು ಉದುರುವ ಕಾಲದಲ್ಲಿ ಊರಿನ ರವಿಕೆಗಳಲ್ಲೆಲ್ಲ ನೂನಿಯ ಎಳೆ ಇರುತ್ತಿತ್ತು.

ಒಂದು ದಿನ ಅದು ಕಾಡಿನಿಂದ ಮೊಲವೊಂದನ್ನು ಹಿಡಿದು ತಂದು ಮೆಷಿನ್ನಿನ ಪೆಡಲಿನ ಹತ್ತಿರ ಇಟ್ಟು, ಅಕ್ಕನ ಮುಖ ನೋಡುತ್ತ ನಿಂತಿತು. ಅಕ್ಕ ಮೊಟ್ಟೆಯನ್ನೂ ತಿನ್ನದವರು. ಬೈಯುತ್ತಾರೆಂದು ನಾನು ಕಾದೆ. ಅವರು ಅದರ ತಲೆ ನೇವರಿಸಿ, "ನಂಗೆ ಊಟ ತಂದಿದೆ ಪಾಪ" ಎಂದು ಹಿತ್ತಲಲ್ಲಿ ಮೊಲವನ್ನು ಹೂತು ಬಂದರು. ಅಲ್ಲಿಂದಾಚೆಗೆ ಹಗ್ಗವಿಲ್ಲದೆ ಹೊರಗೆ ಬಿಡಲಿಲ್ಲ.

ಹೋದ ವರ್ಷ ಅಕ್ಕ ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬಂದರು. ಹೊಟ್ಟೆಯ ಗಡ್ಡೆ ಬಲಿತುಬಿಟ್ಟಿತ್ತು. ತಮ್ಮ ಬಗ್ಗೆ ಏನೂ ಹೇಳದೆ ನನ್ನನ್ನು ಕರೆದು ಬಾಚಣಿಗೆ ಕೈಗಿಟ್ಟರು.

"ಇನ್ನು ಇದನ್ನ ನೀನು ಬಾಚು. ಊಟಾನೂ ನೀನೇ ಹಾಕು."

"ನನ್ನ ಕೈಯಿಂದ ತಿನ್ನತ್ತಾ ಅಕ್ಕ?"

"ನಾನು ಹಾಕ್ತಾ ಇದ್ರೆ ಹ್ಯಾಂಗೆ ತಿನ್ನತ್ತೆ? ನಾನು ಹೋದ ಮೇಲೆ ಅದು ಇನ್ನೊಂದು ಸಲ ಗೇಟಿನ ಮುಂದೆ ಕೂರೋದು ಬೇಡ ಮಾರಾಯ."

ಮರುದಿನದಿಂದಲೇ ಅದು ಶುರುವಾಯಿತು. ನೂನಿ ಬಂದು ಅಕ್ಕನ ಮಂಡಿಗೆ ಮೂತಿ ಒತ್ತಿದರೆ ಅವರು ತಲೆ ನೇವರಿಸಲು ಕೈ ಚಾಚುತ್ತಿರಲಿಲ್ಲ. ನಾನು ತಟ್ಟೆ ಇಟ್ಟಾಗ ಅದು ಅವರನ್ನೇ ನೋಡುತ್ತಿತ್ತು. ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ಭುಜ ಅಲುಗುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ತಮ್ಮನ್ನು ಅಷ್ಟು ನೆಚ್ಚಿದ ಜೀವವೊಂದನ್ನು, ಅದರ ಒಳ್ಳೆಯದಕ್ಕಾಗಿ, ದಿನದಿನವೂ ತಮ್ಮಿಂದ ಬಿಡಿಸುತ್ತಿದ್ದರು. ಅವರಿಗೂ ಲೋಕದಲ್ಲಿ ಇದ್ದದ್ದು ಅದೊಂದೇ.

ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನೂನಿ ತಟ್ಟೆಗೆ ಬಾಯಿ ಹಾಕಿತು.

"ತಿಂತಾ?" ಎಂದರು ಅಕ್ಕ, ಗೋಡೆಯ ಕಡೆಗೇ ಮುಖ ಮಾಡಿಕೊಂಡು.

"ತಿಂತು ಅಕ್ಕ."

"ಪೂರ್ತಿ ತಿಂತಾ?"

"ಪೂರ್ತಿ."

"ಸಾಕು" ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ನೂನಿ ಬಂದು ಅವರ ಪಾದ ಮೂಸಿ, ಬಹಳ ಹೊತ್ತು ನಿಂತು, ನನ್ನ ಪಕ್ಕದಲ್ಲಿ ಬಂದು ಕೂತಿತು. ಮಣ್ಣು ಮಾಡಿ ಬಂದ ಸಂಜೆ ಹೆದರುತ್ತಲೇ ಅದರ ಮುಂದೆ ತಟ್ಟೆ ಇಟ್ಟೆ. ಅದು ನಿಧಾನವಾಗಿ ಊಟ ಮಾಡಿತು. ನನ್ನ ತಟ್ಟೆಯ ಅನ್ನ ಮಾತ್ರ ಹಾಗೆಯೇ ಉಳಿಯಿತು.