ಏಳನೇ ನಂಬರಿನ ಹಳೆ ಗಾಳಿ

ಶಹಾಪುರದ ಬೆಟ್ಟ ಮಧ್ಯಾಹ್ನ ನಿದ್ದೆ ಹೋಗುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಅಂಗಾತ ಮಲಗಿದ ಮನುಷ್ಯನಂತಿರುವುದೇ ಅದರ ಆಕಾರ, ಬೆಳಗ್ಗೆಯೂ ಮಲಗಿಯೇ ಇರುತ್ತದಲ್ಲ ಎನ್ನುತ್ತಾರೆ. ಬೆಳಗ್ಗೆ ಅದು ಸುಮ್ಮನೆ ಕಣ್ಣು ಮುಚ್ಚಿಕೊಂಡಿರುತ್ತದೆ ಅಷ್ಟೆ. ನಿಜವಾದ ನಿದ್ದೆ ಹತ್ತುವುದು ಊಟದ ಹೊತ್ತಾದ ಮೇಲೆ. ತಮ್ಮನ ಮೈದಾನದ ಬೇವಿನ ಗಿಡದ ಕೆಳಗೆ ಕೂತು ಮೂರು ತಿಂಗಳು ನೋಡಿದವಳು ನಾನು, ನನಗೆ ಗೊತ್ತು.

ಮೈದಾನ ಎಂದರೆ ಅಜ್ಜನ ಕಾಲದ ಕಲ್ಲುಹೊಲ. ಅಲ್ಲಿ ತಮ್ಮ ಹಳೆಯ ಟೈರು, ಡ್ರಮ್ಮು, ಮರಳಿನ ಚೀಲಗಳನ್ನು ಗೋಡೆಯಂತೆ ನಿಲ್ಲಿಸಿ ಪೇಂಟ್‌ಬಾಲ್ ಆಟ ಶುರು ಮಾಡಿದ. ಗಾಳಿಯ ಒತ್ತಡಕ್ಕೆ ಬಣ್ಣದ ಗುಂಡು ಹಾರುವ ಬಂದೂಕು. ಗುಂಡು ಮೈಗೆ ಬಡಿದು ಒಡೆದರೆ ಆಟದಿಂದ ಹೊರಗೆ. ಹೈದರಾಬಾದಿನಲ್ಲಿ ಮುಚ್ಚಿಹೋದ ಇಂಥದೇ ಮೈದಾನವೊಂದರಿಂದ ಹನ್ನೆರಡು ಹಳೆಯ ಗನ್ ತಂದ. ಒಂದೊಂದಕ್ಕೂ ಒಂದೊಂದು ಹುಚ್ಚು. ಆಗ ಅವನಿಗೆ ಯಾದಗಿರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಕ್ಕ ನೆನಪಾದಳು.

"ನೂಲಿನ ಬಿಗಿ ಸರಿ ಮಾಡೋ ಕೈ ನಿಂದು. ಗಾಳಿ ಬಿಗಿ ಏನ್ ದೊಡ್ಡದು? ಬಾ ಯಕ್ಕಾ," ಅಂದ ಫೋನಿನಲ್ಲಿ.

ಗಾಳಿಯ ಬಿಗಿ ದೊಡ್ಡದೇ. ಅದು ಅವನಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆದರೂ ಯಾಕೆ ಹೋದೆ ಎಂದು ಈಗಲೂ ಯೋಚಿಸುತ್ತೇನೆ.

ಕೆಲಸ ಕಲಿಸಲು ಬಂದವನು ಗುರುಮಠಕಲ್ ಕಡೆಯ ಒಬ್ಬ ಮೆಕ್ಯಾನಿಕ್. ಗನ್ನಿನ ಹಿಡಿಕೆಯ ಮುಂದಿನ ಲೋಹದ ತುಂಡು ತೋರಿಸಿ, ಇದೇ ರೆಗ್ಯುಲೇಟರ್ ಅಂದ. ಸಿಲಿಂಡರಿನ ಸೊಕ್ಕಿದ ಗಾಳಿಯನ್ನು ಹದಕ್ಕೆ ತಂದು ಒಳಗೆ ಬಿಡುವುದು ಅದೇ. ತಳದ ಸ್ಕ್ರೂಗೆ ಕೀಲಿ ಹಾಕಿ ಬಲಕ್ಕೆ ತಿರುಗಿಸಿದರೆ ಗುಂಡಿನ ವೇಗ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮೀಟರಿನ ಮುಂದೆ ಹೊಡೆದು ವೇಗ ನೋಡಬೇಕು. ಸೆಕೆಂಡಿಗೆ ಇನ್ನೂರ ಎಪ್ಪತ್ತು ಅಡಿ ದಾಟಬಾರದು.

ಮೊದಲ ದಿನವೇ ಮಾನ ಕಳೆದುಕೊಂಡೆ. ಮೀಟರು ಮುನ್ನೂರು ತೋರಿಸಿತು, ಎಡಕ್ಕೆ ತಿರುಗಿಸಿದೆ. ಮತ್ತೆ ಹೊಡೆದರೆ ಅಲ್ಲೇ ಇದೆ. ಸಿಟ್ಟು ಬಂತು. ನನಗೆ ಸಿಟ್ಟು ಬೇಗ. ಇನ್ನೆರಡು ಸುತ್ತು ತಿರುಗಿಸಿದೆ. ಆಮೇಲೆ ಹೊಡೆದರೆ ಗುಂಡು ಎಲೆ ಅಡಿಕೆ ಉಗುಳಿದಂತೆ ಕಾಲ ಬುಡದಲ್ಲೇ ಬಿತ್ತು. ತಮ್ಮ ಟೈರಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಮೆಕ್ಯಾನಿಕ್ ನಗಲಿಲ್ಲ. "ಅಮ್ಮಾ, ಇಳಿಸಿದ ಮ್ಯಾಲ ನಾಕು ಸಲ ಗುಂಡಿಲ್ದ ಖಾಲಿ ಹೊಡೀರಿ. ನೀವು ಸ್ಕ್ರೂ ತಿರುವೀರಿ ಖರೆ, ಹಳೀ ಗಾಳಿ ಇನ್ನಾ ಒಳಗ ಕುಂತಿರತದ. ಅದು ಹೊರಗ ಹೋಗೋ ತನಕ ಯಾವುದೂ ನಂಬಬ್ಯಾಡ್ರಿ," ಅಂದ.

ಆ ಮಾತು ಕೇಳಿ ಸುರಪುರದ ಒಂದು ಸಂಜೆ ಕಣ್ಣ ಮುಂದೆ ಬಂತು.

ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನ ಅಂಗಡಿ. ಮದುವೆ ಮೆರವಣಿಗೆಗೆ ಗ್ಯಾಸ್‌ಬತ್ತಿ ಬಾಡಿಗೆ ಕೊಡುತ್ತಿದ್ದ. ಸೀಮೆಎಣ್ಣೆಗೆ ಪಂಪು ಹೊಡೆದು ಗಾಳಿ ತುಂಬುವ, ಹಾಲಿನಂಥ ಬೆಳಕು ಕೊಡುವ ದೀಪ. ಹಚ್ಚಿದ ಪ್ರತಿ ದೀಪವನ್ನೂ ಅಪ್ಪ ಮೊದಲು ತನ್ನ ತಲೆಯ ಮೇಲಿಟ್ಟುಕೊಂಡು ಓಣಿಯ ತುದಿಯವರೆಗೆ ಹೋಗಿ ಬರುತ್ತಿದ್ದ. ಸಿಡಿದರೆ ತನ್ನ ತಲೆಯ ಮೇಲೇ ಸಿಡಿಯಲಿ, ಹೊರುವವರ ತಲೆಯ ಮೇಲಲ್ಲ ಎಂಬುದು ಅವನ ಕಾಯಿದೆ. ಹಗಲಿಗೂ ರಾತ್ರಿಗೂ ಸೇರದ ಆ ಹೊತ್ತಿನಲ್ಲಿ ತಲೆಯ ಮೇಲೆ ಬೆಳಕು ಹೊತ್ತು, ಸೊಂಯ್ ಎನ್ನುವ ಸದ್ದಿನ ಜೊತೆ ಅಪ್ಪ ನಡೆದು ಬರುವುದು ಈಗಲೂ ಕನಸಿನಲ್ಲಿ ಕಾಣುತ್ತದೆ. ಕನಸಿನಲ್ಲಿ ಅವನ ಕಾಲು ನೆಲಕ್ಕೆ ತಾಗುವುದಿಲ್ಲ.

ನನಗಾಗ ಹತ್ತು ವರ್ಷ, ತಮ್ಮನಿಗೆ ಐದು. ಅಪ್ಪ ಹೊರಗೆ ಹೋಗಿದ್ದಾಗ ದೊಡ್ಡವಳಂತೆ ಒಂದು ದೀಪಕ್ಕೆ ಪಂಪು ಹೊಡೆದು ಹಚ್ಚಿದೆ. ಉರಿ ಹಳದಿಯಾಗಿ ಮೇಲೆದ್ದಿತು. ಹೊಡೆಯುವುದು ನಿಲ್ಲಿಸಿದೆ. ನಿಲ್ಲಿಸಿದರೆ ಒತ್ತಡ ತಾನೇ ಇಳಿಯುತ್ತದೆ ಎಂದುಕೊಂಡೆ. ಗಾಳಿ ಬಿಡುವ ಸಣ್ಣ ಸ್ಕ್ರೂ ಸಡಿಲಿಸಬೇಕಿತ್ತು, ಸಡಿಲಿಸಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಮ್ಮನ ಎಡಗೈ ಮೇಲೆ ಉರಿಯುವ ಎಣ್ಣೆ ಸಿಡಿಯಿತು.

ಅಪ್ಪ ಬಯ್ಯಲಿಲ್ಲ. ಮರುದಿನ ನನ್ನ ಕೈಯಲ್ಲಿದ್ದ, ದೀಪ ಬಿಚ್ಚುವ ಪಾನಾ ತೆಗೆದುಕೊಂಡು ಮೇಲಿನ ಮೊಳೆಗೆ ನೇತುಹಾಕಿದ. ಸಾಯುವವರೆಗೂ ಅದನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ತಮ್ಮ ಬೆಳೆದು ದೊಡ್ಡವನಾದ, ತುಂಬುತೋಳಿನ ಅಂಗಿ ತೊಡುವುದೇ ರೂಢಿಯಾಯಿತು. ಆ ಸಂಜೆಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಹೀಗಾಗಿ ಮೈದಾನದಲ್ಲಿ ನಾನೂ ಒಂದು ಕಾಯಿದೆ ಮಾಡಿಕೊಂಡೆ. ಗನ್ ಹದ ಮಾಡಿದ ಮೇಲೆ ಮುಖಕ್ಕೆ ಮಾಸ್ಕು, ಮೈಗೆ ದಪ್ಪ ಕೋಟು ಹಾಕಿ, ಮೂವತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುವುದು. ತಮ್ಮ ಹೊಡೆಯಬೇಕು. ಮೊದಲ ಗುಂಡು ನನಗೆ. ಮೀಟರು ಸರಿಯಾಗಿ ತೋರಿಸಿದ ಮೇಲೂ ಇದೆಂಥ ಹುಚ್ಚು ಎಂದು ಅವನು ಗೊಣಗುತ್ತಿದ್ದ, ಆದರೂ ಹೊಡೆಯುತ್ತಿದ್ದ. ಮೂರು ತಿಂಗಳು ನನ್ನ ಬೆನ್ನು ನೇರಳೆ ಹಣ್ಣಿನ ಬಣ್ಣದಲ್ಲೇ ಇತ್ತು.

ಏಳನೇ ನಂಬರಿನ ಗನ್ನಿಗೆ ಬೇರೆಯೇ ಕಾಯಿಲೆ. ಹದ ಮಾಡಿ ಇಟ್ಟರೆ, ಯಾರೂ ಮುಟ್ಟದಿದ್ದರೂ ಅದರ ಒತ್ತಡದ ಮುಳ್ಳು ಮೆಲ್ಲಗೆ ಮೇಲೆ ತೆವಳುತ್ತಿತ್ತು. ಒಳಗೊಂದು ವಾಷರು ಸವೆದಿರುತ್ತದೆ, ತಡೆಯಬೇಕಾದ ಗಾಳಿಯನ್ನು ಒಂದೊಂದೇ ಗುಟುಕು ಒಳಗೆ ಬಿಡುತ್ತದೆ. ಸುಮ್ಮನೆ ಕೂತಷ್ಟೂ ಏರುತ್ತದೆ. ಎಷ್ಟೋ ಮಧ್ಯಾಹ್ನ ಬೇವಿನ ನೆರಳಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಬಿಸಿಲಿಗೆ ಬೆಟ್ಟ ನೀರಿನಲ್ಲಿದ್ದಂತೆ ಅಲುಗುತ್ತಿತ್ತು, ದೂರದಲ್ಲಿ ಕುರಿಗಳ ಗಂಟೆ ಕೇಳಿ ನಿಲ್ಲುತ್ತಿತ್ತು, ನನಗೆ ಎಚ್ಚರವೋ ಜೊಂಪೋ ತಿಳಿಯುತ್ತಿರಲಿಲ್ಲ. ಈ ಗನ್ನು ನನ್ನ ಜಾತಿಯದೇ ಅನ್ನಿಸುತ್ತಿತ್ತು.

ಒಂದು ದಿನ ಹೊಸ ವಾಷರು ಬಂತು. ಬಿಚ್ಚಿ, ಒರೆಸಿ, ಎಣ್ಣೆ ಸವರಿ ಕೂರಿಸಿದೆ. ಎಡಕ್ಕೆ ಅರ್ಧ ಸುತ್ತು. ಟಪ್, ಟಪ್, ಟಪ್, ಟಪ್, ನಾಲ್ಕು ಸಲ ಖಾಲಿ ಹೊಡೆದೆ. ಮೀಟರು ಇನ್ನೂರ ಅರವತ್ತೈದು ತೋರಿಸಿತು. ಅರ್ಧ ತಾಸು ಮುಳ್ಳನ್ನೇ ದಿಟ್ಟಿಸಿದೆ. ಅಲುಗಲಿಲ್ಲ. ಕೋಟಿಗೆ ಕೈ ಚಾಚಿದರೆ ಅದಾಗಲೇ ತಮ್ಮನ ಮೈ ಮೇಲಿತ್ತು.

"ಇವತ್ತ ನಾ ನಿಲ್ತೀನಿ. ನೀ ಹೊಡಿ," ಅಂದ.

"ಹುಚ್ಚಗಿಚ್ಚ ಹಿಡದದೇನ್ ನಿನಗ? ತೆಗಿ ಅದನ್ನ."

"ಮೂರು ತಿಂಗಳಾತು ನಿನ್ನ ಬೆನ್ನಿಗಿ ಹೊಡಿಯಾಕತ್ತೀನಿ. ನನಗೇನ್ ಖುಷಿ ಅಂತ ತಿಳದೀ?"

"ನಿನ್ನ ಮ್ಯಾಲ ನಾ ಹೊಡಿಯಂಗಿಲ್ಲ," ಎಂದು ಕೂಗಿದೆ. "ಒಂದ್ಸಲ ಸುಟ್ಟಿದ್ದು ಸಾಲ್ದೇನು?"

ನಲವತ್ತು ವರ್ಷ ಒಳಗಿದ್ದ ಮಾತು ಹೊರಗೆ ಬಿದ್ದಿತ್ತು. ತಮ್ಮ ಮಾಸ್ಕು ಕೈಗೆತ್ತಿಕೊಂಡ.

"ಯಕ್ಕಾ, ನನಗ ಬೆಂಕಿ ನೆನಪೇ ಇಲ್ಲ," ಅಂದ. "ನೀ ನನ್ನ ಎತಗೊಂಡು ದವಾಖಾನಿಗಿ ಓಡಿದ್ದು ನೆನಪದ. ದಾರಿ ತುಂಬ ಕೈಮ್ಯಾಲ ಊದಕೋತ ಓಡಿದಿ. ಉಸರು ಹತ್ತಿದ್ರೂ ಊದೋದ್ ಬಿಡಲಿಲ್ಲ. ಅಷ್ಟ ನೆನಪದ ನನಗ."

ಊದಿದ್ದು ನನಗೆ ನೆನಪೇ ಇರಲಿಲ್ಲ. ನನಗೆ ಉಳಿದಿದ್ದು ಬೆಂಕಿ ಮಾತ್ರ.

ಅವನು ಮಾಸ್ಕು ಹಾಕಿಕೊಂಡು ಮೂವತ್ತು ಹೆಜ್ಜೆ ಎಣಿಸಿ ನಿಂತ. ಎಡತೋಳನ್ನು ಪಕ್ಕಕ್ಕೆ ಚಾಚಿದ. ಖಾಲಿ ಹೊಡೆದದ್ದು ನಾಲ್ಕು ಸಲ ಆಗಿತ್ತೇ ಎಂದು ಅನುಮಾನ ಬಂದು ಇನ್ನೆರಡು ಸಲ ಆಕಾಶಕ್ಕೆ ಹೊಡೆದೆ. ಆಮೇಲೆ ಗುಂಡು ಹಾಕಿ, ಉಸಿರು ಹಿಡಿದು, ಅವನ ತೋಳಿಗೆ ಹೊಡೆದೆ.

ಕೋಟಿನ ತೋಳಿನ ಮೇಲೆ ಹಳದಿ ಬಣ್ಣ ಅರಳಿತು. ಅವನು ಅಲುಗಲಿಲ್ಲ. ನಿಧಾನ ನಡೆದು ಬಂದು ಕೋಟು ಕಳಚಿದ, ಅಂಗಿಯ ತೋಳು ಮಡಚಿದ. ಎಷ್ಟೋ ವರ್ಷದ ಮೇಲೆ ಆ ಕಲೆಯನ್ನು ಹತ್ತಿರದಿಂದ ನೋಡಿದೆ. ನಾನು ನೆನೆಸಿಕೊಂಡಿದ್ದಕ್ಕಿಂತ ಚಿಕ್ಕದಿತ್ತು. ಅದರ ಪಕ್ಕದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು.

ತಮ್ಮ ಕೈ ನನ್ನ ಮುಖದ ಹತ್ತಿರ ತಂದ.

"ಊದು," ಅಂದ.

ಊದಿದೆ.