ಒಣಗಿದ ಕೊಂಬೆಗೆ ಬುದ್ಧಿ ಹೇಳಲು ಬಂದವರು

ಹೋದ ಮಳೆಗಾಲದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಯ ಸ್ತ್ರೀಯರ ಸಂಘದಿಂದ ಇಬ್ಬರು ಸಯನ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಆ ಮಧ್ಯಾಹ್ನ ನೆನಪಾದರೆ ಈಗಲೂ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿಬಿಡುತ್ತೇನೆ.

ಅತ್ತೆ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದ ಮೇಲೆ ಗುರುವಾರದ ಮನೆಪ್ರಾರ್ಥನೆ ನನಗೆ ತಪ್ಪಿತು. ಆಮೇಲೆ ಭಾನುವಾರದ ಆರಾಧನೆಯೂ ತಪ್ಪಿತು. ಗಂಡನದು ಹೋಟೆಲಿನ ಗಲ್ಲಾದ ಕೆಲಸ, ಭಾನುವಾರವೇ ಅಲ್ಲಿ ಗಿರಾಕಿ ಹೆಚ್ಚು. ಅತ್ತೆಯ ಬಾಯಿ ಒರೆಸಿ, ಗಂಜಿ ಸೋಸಿ ಚಮಚದಲ್ಲಿ ಕುಡಿಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ಮಳೆಗೆ ಒಣಗದ ಬೆಡ್‌ಶೀಟನ್ನು ಫ್ಯಾನಿನ ಕೆಳಗೆ ಹರಡುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ನಡುವೆ ಬೈಬಲ್ ತೆರೆದರೆ ಒಂದು ವಾಕ್ಯ ಮುಗಿಯುವ ಮೊದಲೇ ಕಣ್ಣು ಎಳೆಯುತ್ತಿತ್ತು. ದೇವರಿಂದ ದೂರವಾದೆನೇ ಎಂಬ ಹೆದರಿಕೆ ನನಗೇ ಇತ್ತು. ಅವರು ಸರಿಯಾಗಿ ಅದರ ಮೇಲೇ ಕೈಯಿಟ್ಟರು.

ಬಂದವರಲ್ಲಿ ಒಬ್ಬರು ಸಂಘದ ಕಾರ್ಯದರ್ಶಿ. ಇನ್ನೊಬ್ಬಳು ಪ್ರಾರ್ಥನೆಯಲ್ಲಿ ಹಾಡು ಎತ್ತಿಕೊಡುವವಳು. ಚಹಾ ಕುಡಿದು ಕಾರ್ಯದರ್ಶಿ ಬೈಬಲಿನ 'ನಾನು ದ್ರಾಕ್ಷಿಬಳ್ಳಿ, ನೀವು ಕೊಂಬೆಗಳು' ಎಂಬ ಭಾಗವನ್ನು ಓದಿದರು. ಓದಿ, ಕನ್ನಡಕ ತೆಗೆದರು.

"ತಪ್ಪು ತಿಳ್ಕೊಬೇಡಿ. ಈ ವರ್ಷ ನಿಮ್ಮಿಂದ ಎಂತ ಫಲ ಬಂತು? ಬಳ್ಳಿಯ ಕನೆಕ್ಷನ್ ತಪ್ಪಿದ್ರೆ ಕೊಂಬೆ ಒಣಗಿಯೇ ಹೋಗುದು."

ಸುಗ್ಗಿಹಬ್ಬದ ಆರಾಧನೆಯಲ್ಲಿ ಬೈಬಲಿನ ವೇದಪಾಠ ಓದುವುದು ಪ್ರತಿವರ್ಷ ನಾನು. ಈ ಸಲ ಬೇರೆಯವರಂತೆ. ವಿಶೇಷ ಪ್ರಾರ್ಥನೆ ಮಾಡಿ ನನ್ನನ್ನು ಮತ್ತೆ ಜೋಡಿಸುತ್ತಾರಂತೆ, ಸಡಿಲವಾದ ಪ್ಲಗ್ಗನ್ನು ಒತ್ತಿ ಕೂರಿಸುವ ಹಾಗೆ.

ಅಷ್ಟರಲ್ಲಿ ಮಂಚದ ಕಡೆಯಿಂದ ವಾಸನೆ ಬಂತು. ಕಾರ್ಯದರ್ಶಿ ಕರ್ಚೀಫನ್ನು ಮೂಗಿಗೆ ಹಿಡಿದು ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕ, ಕಣ್ಣು ಆಮೇಲೆ ಮುಚ್ಚುವ. ಈಗ ಬಂದು ಅತ್ತೆಯ ಭುಜ ಹಿಡ್ಕೊಳ್ಳಿ. ನನ್ನೊಬ್ಬಳಿಂದ ಆಗುದಿಲ್ಲ."

ಅವರಿಗೆ ಮೊಣಕಾಲು ನೋವಂತೆ, ಗೋರೆಗಾಂವ್‌ಗೆ ಹೋಗಬೇಕಂತೆ, ಲೋಕಲ್ ರೈಲಿನಲ್ಲಿ ರಶ್ ಶುರುವಾಗುತ್ತದಂತೆ. ಹೇಳುತ್ತಲೇ ಚಪ್ಪಲಿ ಮೆಟ್ಟಿ ಹೊರಗಿನ ಗ್ಯಾಲರಿಗೆ ಹೋಗಿ ನಿಂತರು. ಹಾಡುವವಳು ಮಾತ್ರ ಬ್ಯಾಗು ಕೆಳಗಿಟ್ಟು, ಸೆರಗು ಸಿಕ್ಕಿಸಿ ಮಂಚದ ಬಳಿ ಬಂದಳು. ಅವಳು ಅತ್ತೆಯನ್ನು ಮಗ್ಗುಲಾಗಿಸಿ ಹಿಡಿದಳು, ನಾನು ಒರೆಸಿ ಬೆಡ್‌ಶೀಟ್ ಎಳೆದೆ. ಅತ್ತೆ ಅವಳ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ.

"ನಾನು ಯಾರೂಂತ ಇವರಿಗೆ ಗೊತ್ತುಂಟಾ?" ಅವಳು ಕೇಳಿದಳು.

"ನಾನೇ ಯಾರೂಂತ ಗೊತ್ತಿಲ್ಲ ಮಾರಾಯ್ತಿ, ನಿನ್ನದೆಂತ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಅವರು ಹೋದ ಮೇಲೆ ಬಾತ್‌ರೂಮಿನಲ್ಲಿ ಬೆಡ್‌ಶೀಟ್ ತಿಕ್ಕುತ್ತಾ ದೇವರನ್ನು ಬಾಯಿಗೆ ಬಂದಂತೆ ಬೈದೆ. ಇದು ನಿನ್ನ ಕಣ್ಣಿಗೆ ಫಲವಲ್ಲವೇ, ಹಾಗಾದರೆ ನೀನೇ ಬಂದು ಒಗೆ ಎಂದೆ. ನಲ್ಲಿ ನೀರು ನಿಲ್ಲುವವರೆಗೂ ಬೈದೆ. ಆಮೇಲೆ ಹೊಳೆಯಿತು: ಬಳ್ಳಿಯಿಂದ ಕಡಿದುಬಿದ್ದವಳಾಗಿದ್ದರೆ ಇಷ್ಟು ಹೊತ್ತು ನಾನು ಯಾರ ಹತ್ತಿರ ಜಗಳವಾಡುತ್ತಿದ್ದೆ? ತಿಂಗಳುಗಳ ನಂತರ ದೇವರೊಂದಿಗೆ ತೂಕಡಿಸದೆ, ಮನಬಿಚ್ಚಿ ಮಾತಾಡಿದ್ದು ಅದೇ ಮೊದಲು.

ಈಗ ನನ್ನ ಪ್ರಾರ್ಥನೆ ಒಗೆಯುವಾಗಲೇ. ಹೆಚ್ಚಿನ ದಿನ ಜಗಳ, ಅಪರೂಪಕ್ಕೆ ಸ್ತೋತ್ರ. ಸುಗ್ಗಿಹಬ್ಬಕ್ಕೆ ಬೇರೆಯವರೇ ಓದಿದರು. ಕಾರ್ಯದರ್ಶಿಯನ್ನು ಕ್ಷಮಿಸಬೇಕೆಂದು ಗೊತ್ತು. ಇನ್ನೂ ಆಗಿಲ್ಲ. ಅದನ್ನೂ ಅವನಿಗೇ ಹೇಳಿದ್ದೇನೆ.